ಚೆನ್ನ ಅನ್ನೋ ಪದ ಎಲ್ಲಿಗೆ ಹೋಯ್ತು?

1/8

ಫೋಟೋ ಹಾಸನ ಬಸ್ ಸ್ಟ್ಯಾಂಡಿಂದು. ಬೋರ್ಡ್ ಮೇಲೆ ಬರೆದಿರೋದು "ಚನ್ನರಾಯಪಟ್ಟಣ". ಕಂಡಕ್ಟರ್ ಕೂಗ್ತಿದ್ದದ್ದು "ಪಟ್ಣ ಪಟ್ಣ ಪಟ್ಣ". ನಮ್ಮ ಕ್ಲಾಸಿನವರು ಹೇಳೋದು "ಸಿ.ಆರ್. ಪಟ್ಣ". ಕಂಡಕ್ಟರ್ ಬಾಯಲ್ಲಿ "ಚನ್ನ" ಪೂರ್ತಿ ಬಿದ್ದೋಯ್ತು, ನಮ್ಮ ಬಾಯಲ್ಲಿ ಒಂದು "ಸಿ" ಆಗಿ ಉಳ್ಕೊಂತು.

ಕ್ಯಾಂಟೀನಲ್ಲಿ ಕೂತಿದ್ದ ಆರು ಜನರನ್ನ ಕೇಳಿದೆ, ಚನ್ನ ಅಂದ್ರೆ ಏನು ಅಂತ. ಇಬ್ಬರು ದೇವರ ಹೆಸರು ಅಂದ್ರು. ಒಬ್ಬಳು ಯಾರೋ ರಾಜ ಇರಬೇಕು ಅಂದ್ಲು. ಒಬ್ಬ ಮಹಾನುಭಾವ "ಕಡ್ಲೆಕಾಳು ಅಲ್ವಾ, ಚನ್ನಾ ಮಸಾಲ" ಅಂದ. ಉಳಿದ ಇಬ್ಬರು ಫೋನಿಂದ ತಲೆ ಎತ್ತಲಿಲ್ಲ.

ಚನ್ನ ಅಥವಾ ಚೆನ್ನ ಅಂದ್ರೆ ಅಂದವಾದ, ಸುಂದರವಾದ. ಅಷ್ಟೇ. ಗುಣ ಹೇಳೋ ಪದ. "ಹೇಗಿದೀಯ" ಅಂತ ಯಾರು ಕೇಳಿದ್ರೂ ನಾವು ಯೋಚನೆನೇ ಮಾಡದೆ "ಚೆನ್ನಾಗಿದೀನಿ" ಅಂತೀವಲ್ಲ, ಅದರೊಳಗೆ ಇರೋದೂ ಇದೇ. ದಿನಕ್ಕೆ ಇಪ್ಪತ್ತು ಸಲ ಬಳಸೋ ಪದ ನಮ್ಮ ಪಕ್ಕದ ಊರಿನ ಹೆಸರಲ್ಲಿ ಕೂತಿದ್ರೂ ಗುರುತು ಸಿಗಲ್ಲ. ಯಾಕೆ ಅನ್ನೋದು ಈ ಎಂಟು ಪೋಸ್ಟ್. ಪರೀಕ್ಷೆ ಹತ್ರ ಇದೆ, ಕಾಸ್ಟ್ ಅಕೌಂಟಿಂಗ್ ಓದೋದು ಬಿಟ್ಟು ಇದನ್ನ ಬರೀತಿದೀನಿ. ಮನೆಯವರಿಗೆ ಟ್ಯಾಗ್ ಮಾಡಬೇಡಿ.

2/8

ಮೊದಲು ಊರಿನ ಕಥೆ, ಬೇಗ ಮುಗಿಸ್ತೀನಿ.

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಪ್ರಕಾರ ಚನ್ನರಾಯಪಟ್ಟಣದ ಮೊದಲ ಹೆಸರು ಕೊಳತೂರು. ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೇಗಾರ ಲಕ್ಷ್ಮಪ್ಪ ನಾಯಕ ಆ ಊರನ್ನ ವಶ ಮಾಡ್ಕೊಂಡು ತನ್ನ ಮಗನಿಗೆ ಜಹಗೀರು ಕೊಟ್ಟ. ಮಗನ ಹೆಸರು ಚನ್ನರಾಯ. ಚನ್ನರಾಯಸ್ವಾಮಿ ದಯೆಯಿಂದ ಹುಟ್ಟಿದ ಮಗು ಅಂತ ದೇವರ ಹೆಸರೇ ಮಗುಗೆ ಇಟ್ಟರು, ದೇವರಿಗೂ ಒಂದು ಗುಡಿ ಕಟ್ಟಿಸಿದ್ರು.

ಅಂದ್ರೆ ಪಟ್ಣದವರೇ, ನಿಮ್ಮೂರಿಗೆ ಹೆಸರು ಬಂದಿದ್ದು ನಮ್ಮೂರ ಕಡೆಯಿಂದ. ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಆದ್ರೆ ನನಗೆ ಇಷ್ಟವಾಗಿದ್ದು ಬೇರೆ. ಒಂದು ಪದ ಮೊದಲು ದೇವರನ್ನ ನೋಡಿದವರು "ಎಷ್ಟು ಅಂದ" ಅಂತ ಹೇಳಿದ ಮಾತು. ಆಮೇಲೆ ಅದು ದೇವರ ಹೆಸರು. ಆಮೇಲೆ ಒಬ್ಬ ಹುಡುಗನ ಹೆಸರು. ಆಮೇಲೆ ಊರು, ತಾಲ್ಲೂಕು, ಬಸ್ ಬೋರ್ಡು. ಕೊನೆಗೆ "ಸಿ". ಪ್ರತಿ ಹೆಜ್ಜೆಗೂ ಅರ್ಥ ಸ್ವಲ್ಪ ಸ್ವಲ್ಪ ಸವೆದಿದೆ. ನಾವು ಬಿಕಾಂನೋರು ಇದಕ್ಕೆ ಡಿಪ್ರಿಸಿಯೇಷನ್ ಅಂತೀವಿ.

3/8

ಬೇಲೂರಿಗೆ ಸ್ಕೂಲ್ ಟ್ರಿಪ್ ಹೋಗದೇ ಇರೋ ಹಾಸನದ ಮಗು ಇಲ್ಲ. ಶಿಲಾಬಾಲಿಕೆ ಮುಂದೆ ಗ್ರೂಪ್ ಫೋಟೋ, ಹೊರಗೆ ಬಂದು ಸೌತೆಕಾಯಿ. ಗೈಡ್ ಹೇಳಿದ್ರಲ್ಲಿ ನೆನಪಿರೋದು ವಿಷ್ಣುವರ್ಧನ, 1117, ಅಷ್ಟೇ.

ಶಾಸನಗಳಲ್ಲಿ ಅಲ್ಲಿನ ಮುಖ್ಯ ದೇವರಿಗೆ ವಿಜಯನಾರಾಯಣ ಅನ್ನೋ ಹೆಸರಿದೆ. ರಾಜನಿಗೆ ಒಪ್ಪೋ ಹೆಸರು, ಗೆಲುವಿನ ಹೆಸರು. ಇವತ್ತು ಬೇಲೂರಲ್ಲಿ ಇಳಿದು "ವಿಜಯನಾರಾಯಣ ಗುಡಿ ಎಲ್ಲಿ" ಅಂತ ಕೇಳಿ ನೋಡಿ, ಆಟೋದವರು ನಿಮ್ಮ ಮುಖ ನೋಡ್ತಾರೆ. ಜನ ಉಳಿಸ್ಕೊಂಡಿದ್ದು ಚೆನ್ನಕೇಶವ ಅನ್ನೋದನ್ನ. ಅಂದವಾದ ಕೇಶವ. ಗೆದ್ದ ದೇವರು ಅನ್ನೋದಕ್ಕಿಂತ ಚೆಂದದ ದೇವರು ಅನ್ನೋದೇ ಬಾಯಿಗೆ ಹತ್ತಿರ ಬಂತು ಅನ್ಸುತ್ತೆ.

ಅದೇ ಆವರಣದಲ್ಲಿ ಇನ್ನೊಂದು ಗುಡಿ ಇದೆ, ರಾಣಿ ಶಾಂತಲೆ ಪ್ರತಿಷ್ಠೆ ಮಾಡಿಸಿದ ಕಪ್ಪೆ ಚೆನ್ನಿಗರಾಯ. ಜಕಣಾಚಾರಿ, ಡಂಕಣ, ಕಲ್ಲೊಳಗೆ ಕಪ್ಪೆ, ಆ ಐತಿಹ್ಯ ಎಲ್ಲರಿಗೂ ಗೊತ್ತು. ಕಪ್ಪೆ ನೋಡೋ ಭರದಲ್ಲಿ ಪಕ್ಕದ "ಚೆನ್ನಿಗ"ನನ್ನ ಬಿಟ್ಟುಬಿಡ್ತೀವಿ. ಚೆನ್ನು ಅಂದ್ರೆ ಅಂದ, ಅದಕ್ಕೆ "ಇಗ" ಸೇರಿದ್ರೆ ಚೆನ್ನಿಗ, ಅಂದ ಇರೋನು. ಕನ್ನಡಿಗ, ಗಾಣಿಗ, ಲೆಕ್ಕಿಗ ಇವೆಲ್ಲ ಅದೇ ಅಚ್ಚಿನವು. ಹಾಗಾಗಿ ನಮ್ಮ ಕೋರ್ಸಿನವರು ಲೆಕ್ಕಿಗರು, ಚೆನ್ನಿಗರು ಯಾರು ಅಂತ ನಾನು ಹೆಸರು ಹಾಕಲ್ಲ, ಜಗಳ ಆಗುತ್ತೆ.

ಹೆಣ್ಣಿಗೆ ಚೆನ್ನೆ. ಈ ರೂಪ ಮಾತಲ್ಲಿ ಸತ್ತೇ ಹೋಗಿದೆ. ನಾನಂತೂ ಯಾರ ಬಾಯಲ್ಲೂ ಕೇಳಿಲ್ಲ.

ಇನ್ನೊಂದು ನೆನಪಾಯ್ತು. ಅಕ್ಕಮಹಾದೇವಿ ಅಂಕಿತ ಚೆನ್ನಮಲ್ಲಿಕಾರ್ಜುನ. ಎ.ಕೆ. ರಾಮಾನುಜನ್ ಅದನ್ನ ಇಂಗ್ಲಿಷಿಗೆ ತಂದಾಗ ಮಲ್ಲಿಗೆಯಷ್ಟು ಬಿಳುಪಾದ ಒಡೆಯ ಅನ್ನೋ ಅರ್ಥದಲ್ಲಿ ತಂದರು. ಮಲ್ಲಿಕಾ ಬಂತು, ಅರ್ಜುನ ಅಂದ್ರೆ ಬಿಳಿ, ಅದೂ ಬಂತು. ಚೆನ್ನ ಅನ್ನೋದಕ್ಕೆ ಅಂತ ಬೇರೆ ಪದ ಅಲ್ಲಿಲ್ಲ. ಅನುವಾದ ತುಂಬಾ ಒಳ್ಳೇದು, ಅದರ ಬಗ್ಗೆ ಎರಡು ಮಾತಿಲ್ಲ. ಆದ್ರೂ ನನಗೆ ಒಂದು ಚೂರು ಬೇಜಾರು. ಅಲ್ಲೂ ನಮ್ಮ ಪದವೇ ಸೀಟ್ ಬಿಟ್ಟುಕೊಡಬೇಕಾಯ್ತು.

4/8

ಈಗ ಸ್ವಲ್ಪ ವ್ಯಾಕರಣ. ಓಡಬೇಡಿ, ಸಂಧಿ ಒಂದೇ ಒಂದು.

ನಮ್ಮ ಜಿಲ್ಲೆ ಊರುಗಳ ಹೆಸರು ನೋಡಿ. ಹಳೇಬೀಡು. ದೊಡ್ಡಗದ್ದವಳ್ಳಿ. ಹಳೆ, ದೊಡ್ಡ, ಎರಡೂ ಗುಣ ಹೇಳೋ ಪದಗಳೇ. ಇವು ಊರಿನ ಹೆಸರಲ್ಲೂ ಇವೆ, ನಮ್ಮ ಮಾತಲ್ಲೂ ಓಡಾಡ್ತಿವೆ. ಹಳೆ ಬ್ಯಾಗು, ದೊಡ್ಡ ಮನೆ ಅಂತೀವಿ. ಚೆನ್ನ ಮನೆ ಅಂತ ಹೇಳಿ ನೋಡೋಣ. ಚೆನ್ನ ಬ್ಯಾಗು? ಬರಲ್ಲ. ನಾಲಿಗೆನೇ ಒಪ್ಪಲ್ಲ.

"ಒಳ್ಳೆ" ಅನ್ನೋದರ ಪಕ್ಕ ಇಟ್ಟು ನೋಡಿದ್ರೆ ಇನ್ನೂ ಗೊತ್ತಾಗುತ್ತೆ. ಒಳ್ಳೆ ಹುಡುಗ, ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು, ಒಳ್ಳೆಯವರು. ಪೂರ್ತಿ ಸಂಸಾರ. ಚೆನ್ನಕ್ಕೆ ಅದ್ಯಾವುದೂ ಇಲ್ಲ. ಚೆನ್ನದು ಅನ್ನಲ್ಲ, ಚೆನ್ನವನು ಅನ್ನಲ್ಲ. ಹೇಳಲೇಬೇಕು ಅಂದ್ರೆ "ಚೆನ್ನಾಗಿರೋದು", "ಚೆನ್ನಾಗಿರೋನು" ಅಂತ ಸುತ್ತಿ ಬಳಸಿ ಬರ್ತೀವಿ. ಚೆನ್ನ ಪ್ಲಸ್ ಆಗಿ, ಚೆನ್ನಾಗಿ. ಲೋಪಸಂಧಿ. ಹತ್ತನೇ ಕ್ಲಾಸಿನ ಕನ್ನಡ ಮೇಡಂ ಇದನ್ನ ಓದ್ತಿದ್ರೆ ನಮಸ್ಕಾರ ಮೇಡಂ.

ಅಂದ್ರೆ ಈ ಪದಕ್ಕೆ ಈಗ ಸ್ವಂತ ಕಾಲಿಲ್ಲ. "ಆಗು" ಅನ್ನೋ ಕ್ರಿಯಾಪದದ ಹೆಗಲ ಮೇಲೆ ಕೂತು ಓಡಾಡುತ್ತೆ. ಚೆನ್ನಾಗಿದೆ, ಚೆನ್ನಾಗಿತ್ತು, ಚೆನ್ನಾಗಿರುತ್ತೆ, ಚೆನ್ನಾಗಿಲ್ಲ, ಚೆನ್ನಾಗಿದ್ದಿದ್ರೆ. ಹಳ್ಳಿ ಕಡೆ ಹೋದ್ರೆ ಚೆನ್ನಾಗೈತೆ, ಚೆನ್ನಾಗವ್ನೆ, ಚೆನ್ನಾಗವ್ಳೆ, ಚೆನ್ನಾಗವ್ರೆ. ಗಂಡು ಹೆಣ್ಣು ಅನ್ನೋ ವ್ಯತ್ಯಾಸ, ಇಂದು ನಿನ್ನೆ ಅನ್ನೋ ವ್ಯತ್ಯಾಸ, ಎಲ್ಲಾ ಹೊರೋದು ಬಾಲದ ಭಾಗ. ಚೆನ್ನ ಸುಮ್ಮನೆ ಮುಂದೆ ಕೂತಿರುತ್ತೆ.

ಎಲ್ಲಾ ಭಾಷೆಯಲ್ಲೂ ಹೀಗಿಲ್ಲ. ಯಾವುದೋ ರೀಲಲ್ಲಿ ಒಬ್ಬರು ಐರ್ಲೆಂಡಿನ ಭಾಷೆ ಕಲಿಸ್ತಿದ್ರು. ಅವರಲ್ಲಿ ದೊಡ್ಡ ಅನ್ನೋಕೆ "ಮೋರ್". ಗುಣ ಹೇಳೋ ಪದ ಹೆಸರಿನ ಹಿಂದೆ ಬರುತ್ತೆ. ದೊಡ್ಡ ಗಂಡಸು ಅಂದ್ರೆ "ಫ್ಯಾರ್ ಮೋರ್". ಅದೇ ಹೆಂಗಸಾದ್ರೆ "ಬ್ಯಾನ್ ವೋರ್". ಹೆಣ್ಣು ಅಂದ ತಕ್ಷಣ ಪದದ ಮೊದಲ ಅಕ್ಷರವೇ ಕರಗಿ ಬೇರೆ ಸದ್ದಾಗುತ್ತೆ! "ಇನ್ನೂ ದೊಡ್ಡ" ಅನ್ನೋಕೆ ಮತ್ತೊಂದು ರೂಪ. ನಮ್ಮಲ್ಲಿ ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಎಮ್ಮೆ, ಪದ ಅಲ್ಲಾಡಲ್ಲ. ಹೋಲಿಸಬೇಕು ಅಂದ್ರೂ "ಅದಕ್ಕಿಂತ ಇದು ಚೆನ್ನಾಗಿದೆ", ಕೆಲಸ ಮಾಡೋದು "ಗಿಂತ" ಮಾತ್ರ.

ಒಂದು ಜಾಗದಲ್ಲಿ ಮಾತ್ರ ಚೆನ್ನ ಇನ್ನೂ ತನ್ನ ಕಾಲ ಮೇಲೆ ನಿಂತಿದೆ. "ನೀನು ಬಾಯಿ ಮುಚ್ಕೊಂಡಿದ್ರೆ ಚೆನ್ನ." "ಮಳೆ ಬಂದ್ರೆ ಚೆನ್ನ." ಇಲ್ಲಿ ಆಗಿ ಇಲ್ಲ, ಇದೆ ಇಲ್ಲ, ಏನೂ ಇಲ್ಲ. ವಾಕ್ಯದ ಕೊನೆಯಲ್ಲಿ ಒಂಟಿಯಾಗಿ. ನನಗೆ ಇದು ಸಿಕ್ಕಾಗ ಹಳೇ ಪ್ಯಾಂಟಿನ ಜೇಬಲ್ಲಿ ನೂರು ರೂಪಾಯಿ ಸಿಕ್ಕಷ್ಟು ಖುಷಿ ಆಯ್ತು.

5/8

ಸ್ವಂತ ಕಾಲಿಲ್ಲದಿದ್ರೂ ಚೆನ್ನಾಗಿ ಅನ್ನೋದು ಎಷ್ಟು ಕೆಲಸ ಮಾಡುತ್ತೆ ನೋಡಿ. ಒಂದು ವಾರ ಬಸ್ಸಲ್ಲಿ, ಮನೇಲಿ, ಕ್ಲಾಸಲ್ಲಿ ಕಿವಿ ತೆರೆದಿಟ್ಟು ಬರ್ಕೊಂಡಿದ್ದು.

"ಸಾರು ಚೆನ್ನಾಗಿದೆ." ರುಚಿ.

"ಚೆನ್ನಾಗಿ ಉಗಿದ್ರು." ಇಲ್ಲಿ ಅಂದ ಎಲ್ಲಿಂದ ಬಂತು? ಇಲ್ಲ. ಪೂರ್ತಿಯಾಗಿ, ಬಾಕಿ ಉಳಿಸದೆ ಅಂತ ಅರ್ಥ. ಚೆನ್ನಾಗಿ ಹೊಡೆದ, ಚೆನ್ನಾಗಿ ಮೋಸ ಹೋದ, ಎಲ್ಲಾ ಇದೇ.

"ಅವರು ಚೆನ್ನಾಗವ್ರೆ ಬುಡಪ್ಪ." ಇದು ಆರೋಗ್ಯ ಅಲ್ಲ, ರೂಪವೂ ಅಲ್ಲ. ದುಡ್ಡಿದೆ ಅಂತ. ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಇದಕ್ಕೆ ಬೇರೆ ಅರ್ಥವೇ ಇಲ್ಲ. ತೋಟ, ಮನೆ, ಬೋರ್‌ವೆಲ್‌ನಲ್ಲಿ ನೀರು.

"ನಾವೂ ಅವ್ರೂ ಚೆನ್ನಾಗಿಲ್ಲ." ಇದು ನನ್ನ ಫೇವರಿಟ್. ಇಬ್ಬರಿಗೂ ಜ್ವರ ಇಲ್ಲ. ಮಾತು ಬಿಟ್ಟಿದಾರೆ. ಬದು ಒತ್ತುವರಿ, ಅಥವಾ ಮದುವೆಗೆ ಸರಿಯಾಗಿ ಕರೀಲಿಲ್ಲ, ಎರಡರಲ್ಲಿ ಒಂದು ಕಾರಣ. ಒಂದೇ ಬೀದಿಯಲ್ಲಿ ಹತ್ತು ವರ್ಷ "ಚೆನ್ನಾಗಿಲ್ಲದ" ಮನೆಗಳು ನನಗೆ ಗೊತ್ತು.

"ಚೆನ್ನಾಗೈತೆ ಕಣಪ್ಪ ನಿನ್ ಕತೆ." ಬೈಗುಳ. ಪದದಲ್ಲಿ ತಪ್ಪಿಲ್ಲ, ರಾಗದಲ್ಲಿದೆ.

ಆಮೇಲೆ "ಚೆನ್ನಾಗಿದೀನಿ". ಇದರ ಅರ್ಥ ಬಹಳ ಸಲ "ನನ್ನ ವಿಷಯ ಕೇಳಬೇಡ". ಹಾಸ್ಟೆಲಲ್ಲಿರೋರು ಫೋನಲ್ಲಿ ಮನೆಗೆ ಹೇಳೋ ಚೆನ್ನಾಗಿದೀನಿ, ಮನೆಯವರು ವಾಪಸ್ ಹೇಳೋ ಚೆನ್ನಾಗಿದೀವಿ. ಎರಡೂ ಕಡೆ ಎಷ್ಟು ನಿಜ ಅಂತ ಎರಡೂ ಕಡೆಯವರಿಗೂ ಗೊತ್ತು. ಆದ್ರೂ ಈ ಪದ ಕೇಳದೆ ಫೋನ್ ಇಡಕ್ಕಾಗಲ್ಲ.

6/8

ಇದು ಹುಟ್ಟಿದ್ದೆಲ್ಲಿ? ಇಲ್ಲಿ ಒಂದು ಪತ್ತೇದಾರಿ ಇದೆ.

ಚೆನ್ನ ಅಂದ್ರೆ ಮೂಲದಲ್ಲಿ ಕೆಂಪು, ಕೆಂಪಗಿರೋದು ಅಂದ, ಅದರಿಂದ ಚೆನ್ನ ಅಂತ ಹೇಳೋರಿದಾರೆ. ಕೇಳೋಕೆ ಸರಿ ಅನ್ಸುತ್ತೆ. ತಮಿಳಲ್ಲಿ "ಸೆಮ್ಮೈ" ಅಂದ್ರೆ ಕೆಂಪೂ ಹೌದು, ನೇರವಾದದ್ದು, ಒಳ್ಳೇದು ಅನ್ನೋದೂ ಹೌದು. ಅಚ್ಚ ತಮಿಳಿಗೆ ಸೆಂದಮಿಳ್ ಅಂತಾರೆ.

ಆದ್ರೆ ಒಂದು ನಿಯಮ ಅಡ್ಡ ಬರುತ್ತೆ. ತಮಿಳು, ತೆಲುಗಲ್ಲಿ ಎಷ್ಟೋ ಕಡೆ ಚ ಅಥವಾ ಸ ಇರೋ ಜಾಗದಲ್ಲಿ ಕನ್ನಡ ಹಳೇ ಕ-ವನ್ನೇ ಉಳಿಸಿಕೊಂಡಿದೆ. ಅವರ ಸೆವಿ, ಚೆವಿ ನಮ್ಮ ಕಿವಿ. ಪುದುಚ್ಚೇರಿಯ ಚೇರಿ ನಮ್ಮ ಕೇರಿ. ಅವರು ಸೆಯ್ ಅಂದ್ರೆ ನಮ್ಮ ಹಳ್ಳಿಯವರು ಹೊಲದಲ್ಲಿ ಗೇಯ್ತಾರೆ, ಗೇಮೆ ಮಾಡ್ತಾರೆ. ಕೆಂಪಿನ ವಿಷಯಕ್ಕೆ ಬಂದ್ರೆ ಅವರ ಸೆಂ-, ಚೆಂ- ನಮ್ಮಲ್ಲಿ ಕೆಂ-. ಕೆಂಪು, ಕೆಂಗಣ್ಣು, ಕೆಂದಾವರೆ. ಹಾಗಾದ್ರೆ ಚೆನ್ನ ಅನ್ನೋದು ಅದೇ ಬೇರಿಂದ ನಮ್ಮ ಮನೇಲೇ ಬೆಳೆದಿದ್ರೆ ಅದು "ಕೆ" ಇಂದ ಶುರುವಾಗಬೇಕಿತ್ತು. ಕೆನ್ನಕೇಶವ, ಕೆನ್ನರಾಯಪಟ್ಣ. ಆಗಿಲ್ಲ. ಆದ್ದರಿಂದ ಕೆಂಪಿನ ಕಥೆ ಬೇಕು ಅನ್ನೋರು ಪದ ಪಕ್ಕದ ಮನೆಯಿಂದ ಬಂತು ಅಂತಲೂ ಒಪ್ಪಬೇಕು. ಇಲ್ಲಾಂದ್ರೆ ಕೆಂಪನ್ನ ಬಿಡಬೇಕು.

ತೆಲುಗಲ್ಲೂ "ಚೆನ್ನು" ಇದೆ, ಅದೇ ಅರ್ಥ, ಅಂದ. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟೆಲ್ ನಿಘಂಟಲ್ಲಿ ನಮ್ಮ ಚೆನ್ನ, ಚೆನ್ನು ಎರಡೂ ಕೂತಿವೆ. ಚೆನ್ನೈಗೆ ಆ ಹೆಸರು ಬಂದಿದ್ದು ದಾಮರ್ಲ ಚೆನ್ನಪ್ಪ ನಾಯಕ ಅನ್ನೋ ತೆಲುಗು ನಾಯಕನಿಂದ ಅನ್ನೋದು ಹೆಚ್ಚು ಪ್ರಚಾರದಲ್ಲಿರೋ ವಿವರಣೆ. 1639ರಲ್ಲಿ ಇಂಗ್ಲಿಷರಿಗೆ ಅಲ್ಲಿ ಜಾಗ ಕೊಟ್ಟಿದ್ದು ಆತನ ಮಕ್ಕಳ ಕಾಲದಲ್ಲಿ. ಆರ್‌ಸಿಬಿಯವರು ಬೇಜಾರಾಗಬೇಡಿ, ಹಳದಿ ಜೆರ್ಸಿಯಲ್ಲೂ ನಮ್ಮ ಪದ ಇದೆ.

ನನ್ನ ಲೆಕ್ಕ ಹೀಗೆ. ಇದು ಕನ್ನಡ ತೆಲುಗು ಎರಡೂ ಮನೆಯವರು ಕೂಡಿ ಬಳಸಿದ ಪದ. ಹಿತ್ತಲ ಬಾಗಿಲು ಎರಡು ಕಡೆಯಿಂದಲೂ ತೆರೆದಿತ್ತು. ಕೆಂಪಿಗೆ ಕಟ್ಟಿ ಹಾಕೋ ಅಗತ್ಯ ನನಗೆ ಕಾಣಲ್ಲ.

7/8

ಈ ಪೋಸ್ಟ್ ಉದ್ದ ಇದೆ. ಈ ಸರಣಿ ಶುರುವಾಗಿದ್ದೇ ಇದರಿಂದ.

ನಮ್ಮಜ್ಜಿ, ಅಪ್ಪನ ಅಮ್ಮ, ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿದಾರೆ. ಅವರ ಪೂರ್ತಿ ಹೆಸರು ಹಾಕಲ್ಲ. ಮೊದಲ ಭಾಗ ಇದೇ ಪದ, ಕೊನೆಯಲ್ಲಿ ಅಮ್ಮ. ಅವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರ್ತಿತ್ತು, ತಿಂಗಳಿಗೆ 1,200 ರೂಪಾಯಿ. ಮಾತ್ರೆ, ಎಲೆಅಡಿಕೆ, ಮೊಮ್ಮಕ್ಕಳು ಬಂದ್ರೆ ಕೈಗೊಂದು ನೋಟು, ಎಲ್ಲಾ ಅದರಲ್ಲೇ. ಯಾರ ಹತ್ರನೂ ಕೈ ಚಾಚಲ್ಲ ಅನ್ನೋ ಗತ್ತು ಇದ್ದಿದ್ದೂ ಅದರಿಂದಲೇ. ಏಳು ತಿಂಗಳ ಹಿಂದೆ ಅದು ನಿಂತೋಯ್ತು. ವಿಚಾರಿಸಿದ್ರೆ ಹೆಸರು ಹೊಂದ್ತಿಲ್ಲ ಅಂದ್ರು.

ಎಲ್ಲಾ ಕಾಗದ ಚಾಪೆ ಮೇಲೆ ಹರಡಿಕೊಂಡು ಕೂತೆವು. ರೇಷನ್ ಕಾರ್ಡಲ್ಲಿ ಚೆ. ಪಹಣಿಯಲ್ಲಿ ಚ. ವೋಟರ್ ಐಡಿಯಲ್ಲಿ ಚೆ. ಪಾಸ್‌ಬುಕ್ಕಲ್ಲಿ ಇಂಗ್ಲಿಷ್, ಎ ಅಕ್ಷರ ಹಾಕಿದಾರೆ. ಆಧಾರಲ್ಲಿ ಇಂಗ್ಲಿಷಲ್ಲಿ ಇ, ಅದರ ಕೆಳಗೆ ಕನ್ನಡದಲ್ಲಿ ಒಂದೇ ನ, ಒತ್ತಿಲ್ಲ. ಅಜ್ಜಿಗೆ ಓದೋಕೆ ಬರಲ್ಲ, ಹೆಬ್ಬೆಟ್ಟು. ಇಷ್ಟು ವರ್ಷ ಯಾರು ಏನು ಬರ್ಕೊಂಡ್ರೋ ಅದೇ ಅವರ ಹೆಸರು.

ಈಗ ನೋಡಿ, ಇದು ತಪ್ಪಾ? ಭಾಷೆ ಕಡೆಯಿಂದ ನೋಡಿದ್ರೆ ಖಂಡಿತ ಅಲ್ಲ. ಕನ್ನಡದಲ್ಲಿ ಚ ಆದ ಮೇಲೆ ಅ, ಎ ಎರಡೂ ಅದಲು ಬದಲಾಗೋದು ಮಾಮೂಲಿ. ಚಂದ, ಚೆಂದ. ಚಂಡು, ಚೆಂಡು. ಚಲ್ಲು, ಚೆಲ್ಲು. ಜಡೆ, ಜೆಡೆ. ನೀರು ಕುಡಿಯೋ ಒಂದು ಪಾತ್ರೆಗೆ ಚಂಬು, ಚೆಂಬು, ಚೊಂಬು ಅಂತ ಮೂರು ಹೆಸರಿದೆ, ಯಾವ ಚೊಂಬಿಗೂ ಅಫಿಡವಿಟ್ ಕೇಳಲ್ಲ. ಸರ್ಕಾರಿ ಬೋರ್ಡಲ್ಲೇ ಚನ್ನರಾಯಪಟ್ಟಣಕ್ಕೆ ಚ. ಅಲ್ಲಿಂದ ಬೇಲೂರಿಗೆ ಹೋದ್ರೆ ಚೆನ್ನಕೇಶವ ಅಂತ ಒಂದು ಕಡೆ, ಚನ್ನಕೇಶವ ಅಂತ ಇನ್ನೊಂದು ಕಡೆ. ಕಿತ್ತೂರು ರಾಣಿಗೂ ಎರಡೂ ತರ ಬರೀತಾರೆ. ದೇವರಿಗೆ, ರಾಣಿಗೆ, ತಾಲ್ಲೂಕಿಗೆ ನಡೆಯುತ್ತೆ. ಅರಕಲಗೂಡಿನ ಒಬ್ಬ ಅಜ್ಜಿಗೆ ಮಾತ್ರ ನಡೆಯಲ್ಲ.

ಒಂದು ಕಚೇರಿಗೆ ಹೋದೆವು. ಯಾವುದು ಅಂತ ಬರೆಯಲ್ಲ. ಕೌಂಟರಲ್ಲಿದ್ದವರು ಕೆಟ್ಟವರೇನಲ್ಲ, ಅವರ ಮುಂದಿದ್ದ ಕಂಪ್ಯೂಟರಿಗೆ ಎರಡು ಅಕ್ಷರ ಒಂದೇ ಅಂತ ಹೇಳಿಕೊಟ್ಟಿಲ್ಲ ಅಷ್ಟೆ. "ಅಜ್ಜಿ, ನಿಮ್ಮೆಸ್ರು ಚ ನಾ, ಚೆ ನಾ?" ಅಂತ ಕೇಳಿದ್ರು.

ಅಜ್ಜಿ ನನ್ನ ಮುಖ ನೋಡಿದ್ರು. ಆಮೇಲೆ "ಯಾವ್ದಾರ ಬರ್ಕಳಪ್ಪ, ದುಡ್ ಬಂದ್ರೆ ಸಾಕು" ಅಂದ್ರು.

ನನಗೆ ನಗು ಬಂತು, ಜೊತೆಗೆ ಹೊಟ್ಟೆಯೊಳಗೆ ಏನೋ ಆಯ್ತು. ನಾನು ನಾಲ್ಕು ದಿನದಿಂದ ನಿಘಂಟು, ಗೆಜೆಟಿಯರ್ ಅಂತ ಮೊಬೈಲಲ್ಲಿ ಹುಡುಕ್ತಾ ಇದ್ದೆ, ಯಾವ ರೂಪ ಹಳೇದು, ಯಾವುದು ಸರಿ ಅಂತ. ಹೆಸರಿನ ಯಜಮಾನಿಗೆ ಬೇಕಿದ್ದಿದ್ದು ಏಳು ತಿಂಗಳ ಬಾಕಿ, 8,400 ರೂಪಾಯಿ. ಲೆಕ್ಕದಲ್ಲಿ ಅವರೇ ನನಗಿಂತ ಚುರುಕು.

ಕೊನೆಗೆ ಆಧಾರ್ ತಿದ್ದುಪಡಿಗೆ ಕೊಟ್ಟೆವು. ಛಾಪಾ ಕಾಗದದ ಮೇಲೆ ಒಂದು ಅಫಿಡವಿಟ್ ಮಾಡಿಸಿದೆವು, ಈ ಎಲ್ಲಾ ಹೆಸರೂ ಒಬ್ಬರದೇ ಅಂತ. ಟೈಪ್ ಮಾಡೋರು ಅಜ್ಜಿ ಹೆಸರನ್ನ ನಾಲ್ಕು ತರ ಬರೆದು, ಪ್ರತಿಯೊಂದರ ಮುಂದೆಯೂ "ಉರುಫ್" ಅಂತ ಹಾಕಿದ್ರು. ಅದನ್ನ ಓದಿ ಹೇಳಿದಾಗ ಅಜ್ಜಿ "ಅಯ್ಯೋ, ಕಳ್ಳರ ಹೆಸ್ರಿಗೆ ಹಾಕೋದಲ್ವಾ ಮಗ ಉರುಫು" ಅಂದ್ರು. ವಾಪಸ್ ಬರ್ತಾ ಬಸ್ಸಲ್ಲಿ ಆ ಕಾಗದನ ಸೆರಗಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೇ ಕೂತಿದ್ರು.

8/8

ಚಿಕ್ಕ ಪೋಸ್ಟ್ ಇದು.

ನಮ್ಮಕ್ಕನನ್ನ ಕೊಟ್ಟಿರೋದು ಪಟ್ಣಕ್ಕೆ. ಅವಳಿಗೆ ಹೋದ ತಿಂಗಳು ಹೆಣ್ಣು ಮಗು ಆಯ್ತು. ಭಾವನ ಫೋನಲ್ಲಿ ಹೆಸರಿನ ಲಿಸ್ಟ್ ಇದೆ, ಎಲ್ಲವೂ ಎರಡಕ್ಷರ, ಮೂರಕ್ಷರ, ಎಲ್ಲವೂ ಒಂದೇ ತರ ಕೇಳಿಸ್ತವೆ. ನಾನು ಹೇಳಿದೆ, ಅಜ್ಜಿ ಹೆಸರಿನ ಒಂದು ತುಂಡಾದ್ರೂ ಇಡೋಣ, ಹುಟ್ಟಿದ್ದೂ ಆ ಊರಲ್ಲೇ, ಊರಿನ ಹೆಸರಲ್ಲೂ ಅದಿದೆ ಅಂತ. ಅಕ್ಕ ಬೇಡ ಅನ್ನಲಿಲ್ಲ. ಭಾವ ಹೂಂ ಅನ್ನಲಿಲ್ಲ. ಅಮ್ಮ "ಹಳೇ ಹೆಸ್ರಾಯ್ತು, ಸ್ಕೂಲಲ್ಲಿ ಆಡ್ಕೊಳ್ತಾರೆ" ಅಂದ್ರು.

ಬಾಣಂತಿ ನೋಡೋಕೆ ಬಂದಿದ್ದ ಅಜ್ಜಿ ಮಗುನ ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ತಾ ಇದ್ರು. ತಲೆ ಎತ್ತದೆ ಹೇಳಿದ್ರು: "ನನ್ನೆಸ್ರು ಬ್ಯಾಡ ಕಣ್ರವ್ವ. ಈ ಕೂಸೂ ನನ್ನಂಗೆ ಆಪೀಸ್ ಆಪೀಸ್ ಅಲೀಬೇಕಾ?"

ಯಾರೂ ಮಾತಾಡಲಿಲ್ಲ. ಅಕ್ಕ ಟವೆಲ್ ತಗೊಂಡು ಬಂದ್ಲು.

ನಾಮಕರಣ ಮುಂದಿನ ತಿಂಗಳು, ಪಿಂಚಣಿ ಇನ್ನೂ ಬಂದಿಲ್ಲ. ಒಳಗೆ ಚೆನ್ನ ಇರಬೇಕು, ಆದ್ರೆ ಎಲ್ಲಾ ಕಡೆ ಒಂದೇ ತರ ಬರೆಯೋಕೆ ಬರೋ ಹೆಸರು ಯಾರಿಗಾದ್ರೂ ಗೊತ್ತಿದ್ರೆ ಮೆಸೇಜ್ ಹಾಕಿ. ಹೊಳೆನರಸೀಪುರದವರಾದ್ರೆ ರೈಲ್ವೆ ಸ್ಟೇಷನಲ್ಲೇ ಸಿಕ್ಕಿ ಹೇಳಿ, ನಾನು ಬೆಳಗ್ಗೆ ಹಾಸನದ ಗಾಡಿಗೆ ಅಲ್ಲೇ ಇರ್ತೀನಿ.